ಕ್ರ್ಯಾನ್‌ಬರಿಯ ಮನೆಯಲ್ಲಿ ಹಾಲು ಉಕ್ಕಿಸಿದ್ದು

ಇಂಥ ಸಂಗತಿಗಳನ್ನು ನಾನು ನಂಬಿದವನಲ್ಲ. ಚಿಕ್ಕಂದಿನಲ್ಲಿ ಹಿರಿಯರು ದೆವ್ವ, ಗಾಳಿ, ಶಕುನ ಎಂದು ಮಾತಿಗೆ ಕೂತರೆ ಎದ್ದು ಹೋಗುತ್ತಿದ್ದೆ. ಓದಿದ್ದು ಹುಬ್ಬಳ್ಳಿಯಲ್ಲಿ ಡಿಪ್ಲೊಮಾ, ಅದರ ಮೇಲೊಂದು ಕಂಪ್ಯೂಟರ್ ಕೋರ್ಸು. ಹೊಟ್ಟೆಪಾಡಿಗೆ ಇತರರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕಿದವನು. ತಪ್ಪಿಗೆ ಕಾರಣ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ಬೇಕು, ಅಷ್ಟೇ ಎಂದು ತಿಳಿದಿದ್ದೆ. ಒಂದು ಬೆಳಿಗ್ಗೆ ನಡೆದದ್ದಕ್ಕೆ ಮಾತ್ರ ಇಪ್ಪತ್ತು ವರ್ಷಕ್ಕೂ ಮೇಲೆ ಹುಡುಕಿದರೂ ಕಾರಣ ಸಿಕ್ಕಿಲ್ಲ.

ನನ್ನ ಹೆಂಡತಿ ಗಿರಿಜಾ ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಈ ಸಂಗತಿ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಈಗ ನಾನೊಬ್ಬನೇ ಉಳಿದಿರುವುದರಿಂದ ಬರೆಯುತ್ತಿದ್ದೇನೆ. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ.

ಆಗ ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿ, ಪ್ಲೇನ್ಸ್‌ಬರೋದ ಅಪಾರ್ಟ್‌ಮೆಂಟಿನಲ್ಲಿದ್ದೆವು. ಎರಡು ಸಾವಿರನೇ ಇಸವಿ ಹುಟ್ಟುತ್ತಲೇ ಕಂಪ್ಯೂಟರುಗಳೆಲ್ಲ ಕೆಡುತ್ತವೆ ಎಂಬ ವೈಟೂಕೆಯ ಗದ್ದಲ ಮುಗಿದು ಆರು ತಿಂಗಳಾಗಿತ್ತು. ಕೆಲಸ ಹೋಗುತ್ತದೆ ಎಂದು ಹೆದರಿದ್ದವರಿಗೆಲ್ಲ ಮತ್ತೊಂದು ಕೆಲಸ ಸಿಕ್ಕಿತ್ತು, ನನಗೆ ಪಿಸ್ಕಾಟವೇಯ ಒಂದು ಟೆಲಿಕಾಂ ಕಂಪನಿಯಲ್ಲಿ. ಗೆಳೆಯರು ಒಬ್ಬರಾದ ಮೇಲೊಬ್ಬರು ಮನೆ ಕೊಳ್ಳುತ್ತಿದ್ದರು. ಎಲ್ಲವೂ ಹೊಸ ಬಡಾವಣೆಯ ಮನೆಗಳು. ಬೀದಿಯ ಈ ತುದಿಯಿಂದ ಆ ತುದಿಗೆ ಒಂದೇ ಅಚ್ಚು. ಗೃಹಪ್ರವೇಶಕ್ಕೆ ಹೋದಾಗ ಬಾಗಿಲ ಮುಂದಿನ ಚಪ್ಪಲಿ ರಾಶಿ ನೋಡಿಯೇ ಇದು ನಮ್ಮವರ ಮನೆ ಎಂದು ಗುರುತು ಹಿಡಿಯಬೇಕಿತ್ತು.

ನಾವೂ ಅಂಥದ್ದನ್ನೇ ನೋಡುತ್ತಿದ್ದೆವು. ಒಂದು ಭಾನುವಾರ ಪಕ್ಕದ ಊರಾದ ಕ್ರ್ಯಾನ್‌ಬರಿಯ ಹಳೆಯ ಬೀದಿಯಲ್ಲಿ ಕಾರು ಹೋಗುತ್ತಿದ್ದಾಗ ಗಿರಿಜಾ ನನ್ನ ತೋಳು ಹಿಡಿದು ನಿಲ್ಲಿಸಿದಳು. ಮಾರಾಟಕ್ಕಿದೆ ಎಂಬ ಫಲಕ ಹೊತ್ತ ಒಂದು ವಿಕ್ಟೋರಿಯನ್ ಮನೆ. ನೂರು ವರ್ಷ ದಾಟಿದ್ದು. ಮೂರು ಕಡೆ ಸುತ್ತುವರಿದ ಪೋರ್ಚು ಎಂಬ ಜಗಲಿ, ಒಂದು ಮೂಲೆಯಲ್ಲಿ ದುಂಡನೆಯ ಗೋಪುರ, ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕೂಡಿಸಿದ ಮರದ ಚಕ್ಕೆಗಳು, ಬಾಗಿಲ ಮೇಲೆ ಬಣ್ಣದ ಗಾಜು. ಹಸಿರು ಬಣ್ಣ ಅಲ್ಲಲ್ಲಿ ಎದ್ದುಬಂದಿತ್ತು.

ಕ್ಯಾರೊಲ್ ಎಂಬ ನಮ್ಮ ರಿಯಲ್ಟರ್, ಅಂದರೆ ಮನೆ ಕೊಡಿಸುವ ದಲ್ಲಾಳಿ, ಮರುದಿನವೇ ಒಳಗೆ ಕರೆದುಕೊಂಡು ಹೋದಳು. ಅರವತ್ತು ದಾಟಿದ ನಗುಮುಖದ ಹೆಂಗಸು. ನಾನು ನೆಲ ತುಳಿದು ನೋಡಿದೆ, ಗೋಡೆ ತಟ್ಟಿದೆ. ಗಿರಿಜಾ ಯಾವುದನ್ನೂ ತಟ್ಟಲಿಲ್ಲ. ಮೊದಲ ಸಲ ಬಂದವಳಂತೆ ನಡೆಯಲೂ ಇಲ್ಲ. ಮೇಲೆ ಗೋಪುರಕ್ಕೆ ಸೇರಿದ ಒಂದು ಸಣ್ಣ ಕೋಣೆಯಿತ್ತು. ಅದರ ನಡುವೆ ನಿಂತು, "ಇದಕ್ಕ ಹಳದಿ ಬಣ್ಣ ಹಚ್ಚಬೇಕ್ರಿ" ಎಂದಳು. ನಮಗೆ ಮದುವೆಯಾಗಿ ಏಳು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹುಟ್ಟಲಿರುವ ಮಗುವಿನ ಕೋಣೆಗೆ ಇಲ್ಲಿಯವರು ಹಚ್ಚುವ ಬಣ್ಣ ಅದು.

ಗೆಳೆಯರಿಗೆ ಹೇಳಿದಾಗ ನಗೆಪಾಟಲಾಯಿತು. ನಮಗಿಂತ ಹಿರಿಯರಾದ, ಬಾಗಲಕೋಟೆ ಕಡೆಯ ಪಾಟೀಲ ಅಂಕಲ್ ಊಟದ ತಟ್ಟೆ ಹಿಡಿದುಕೊಂಡೇ, "ಮನಿ ತಗೋತೀಯೋ ಮ್ಯೂಸಿಯಮ್ ತಗೋತೀಯೋ? ಬಂದವರಿಗೆ ಟಿಕೆಟ್ ಇಡು ಮತ್ತ" ಎಂದರು.

"ನಿಮಗ ಮಾತ್ರ ಪುಕ್ಕಟ ಬಿಡ್ತೀವ್ರಿ ಅಂಕಲ್, ಸೀನಿಯರ್ ಸಿಟಿಜನ್ ಅಂತ" ಎಂದಳು ಗಿರಿಜಾ. ಅವಳು ಹಾಗೆ ತಮಾಷೆ ಮಾಡಿ ಬಹಳ ದಿನವಾಗಿತ್ತು. ಅವತ್ತೇ ನಾನು ಆ ಮನೆಗೆ ಒಪ್ಪಿದೆ.

ಆದರೆ ಪಂಚಾಂಗ ಅಡ್ಡ ಬಂತು. ರಿಜಿಸ್ಟ್ರೇಷನ್‌ನಂಥ ಕ್ಲೋಸಿಂಗ್ ಎಂಬುದು ಜುಲೈ ಮಧ್ಯದಲ್ಲಿ. ಅಷ್ಟರೊಳಗೆ ಆಷಾಢ ಬಿದ್ದಿರುತ್ತದೆ; ಆಷಾಢದಲ್ಲಿ ಹೊಸ ಮನೆ ಹೊಗುವಂತಿಲ್ಲ. ಅಪಾರ್ಟ್‌ಮೆಂಟಿನ ಲೀಸು ಜುಲೈಗೇ ಮುಗಿಯುತ್ತಿತ್ತು. ಪಾಟೀಲ ಅಂಕಲ್ಲೇ ದಾರಿ ತೋರಿಸಿದರು. "ಆಷಾಢ ಹೊಕ್ಕೂದರೊಳಗ ಹೋಗಿ ಹಾಲು ಉಕ್ಕಿಸಿ ಬಂದುಬಿಡ್ರಿ. ಆಮ್ಯಾಲೆ ಸಾಮಾನು ಯಾವಾಗ ಒಯ್ದರೂ ನಡೀತೈತಿ. ಮುಂದಿನ ಬುಧವಾರ ಬೆಳಿಗ್ಗೆ ಹತ್ತೂವರಿ ಒಳಗ ಛಲೋ ಐತಿ."

ಇನ್ನೂ ನಮ್ಮದಾಗದ ಮನೆಯಲ್ಲಿ ಹಾಲು ಉಕ್ಕಿಸುವುದು. ಇದನ್ನು ಕ್ಯಾರೊಲ್‌ಗೆ ಇಂಗ್ಲಿಷಿನಲ್ಲಿ ಹೇಗೆ ತಿಳಿಸಿದೆನೋ, ಈಗ ನೆನೆದರೆ ನಗು ಬರುತ್ತದೆ. "ಅಂದರೆ, ಬೇಕಂತಲೇ ಚೆಲ್ಲುತ್ತೀರಾ?" ಎಂದು ಎರಡು ಸಲ ಕೇಳಿದಳು. ಮಾರುವವರ ಒಪ್ಪಿಗೆಯನ್ನೂ ಅವಳೇ ತಂದಳು. ಮಂಗಳವಾರ ಸಂಜೆ ನಾವು ಕರಾರಿಗೆ ಸಹಿ ಹಾಕಿದೆವು. ನ್ಯೂಜೆರ್ಸಿಯಲ್ಲಿ ಸಹಿಯಾದ ಮೇಲೂ ವಕೀಲರು ನೋಡಲೆಂದು ಮೂರು ದಿನದ ಅವಧಿ ಇರುತ್ತದೆ. ಅಷ್ಟರಲ್ಲಿ ಯಾರು ಬೇಕಾದರೂ ಬೇಡ ಎನ್ನಬಹುದು. ಆ ಮೂರು ದಿನದಲ್ಲಿ ಮೊದಲನೆಯದು ಬುಧವಾರ.

ಹತ್ತು ಗಂಟೆಗೆ ತಲುಪಿದೆವು. ಗಿರಿಜಾ ಇಲಕಲ್ ಸೀರೆ ಉಟ್ಟಿದ್ದಳು. ಕೈಯಲ್ಲಿ ಹೊಸ ಸ್ಟೀಲಿನ ಪಾತ್ರೆ, ಅರ್ಧ ಗ್ಯಾಲನ್ ಹಾಲು, ಎರಡು ಲೋಟ, ಅರಿಶಿನ ಕುಂಕುಮ, ಬೆಂಕಿಪೆಟ್ಟಿಗೆ. ಕ್ಯಾರೊಲ್ ಬಾಗಿಲು ತೆಗೆದುಕೊಟ್ಟು, ಫೋನ್ ಮಾಡುವುದಿದೆ ಎಂದು ತನ್ನ ಕಾರಿಗೆ ಹೋದಳು.

ಅಡಿಗೆಮನೆಯಲ್ಲಿ ಬಿಳಿ ಎನಾಮೆಲ್ಲಿನ ಹಳೆಯ ಗ್ಯಾಸ್ ಒಲೆಯಿತ್ತು, ನಾಲ್ಕು ಬರ್ನರಿನದು. ಗಿರಿಜಾ ಅದನ್ನು ಒರೆಸಿ, ಕುಂಕುಮ ಹಚ್ಚಿ, ಪಾತ್ರೆಯ ಅಂಚಿನವರೆಗೆ ಹಾಲು ಹೊಯ್ದು ಇಟ್ಟಳು. ನಾನು ಗುಂಡಿ ತಿರುಗಿಸಿ ಕಡ್ಡಿ ಗೀರಿದೆ. ಏನೂ ಇಲ್ಲ. ಸದ್ದಿಲ್ಲ, ಗ್ಯಾಸಿನ ವಾಸನೆಯೂ ಇಲ್ಲ. ನಾಲ್ಕೂ ಬರ್ನರ್ ನೋಡಿದೆ. ದೀಪ ಹತ್ತುತ್ತಿತ್ತು, ನಲ್ಲಿಯಲ್ಲಿ ನೀರಿತ್ತು. ಗ್ಯಾಸಿನ ಬಗ್ಗೆ ನಾವ್ಯಾರೂ ಯೋಚಿಸಿರಲಿಲ್ಲ. ನೆಲಮಾಳಿಗೆಗೆ ಇಳಿದು ನೋಡಿದರೆ ಮೀಟರಿನ ಪಕ್ಕ ಕೊಳವೆಗೆ ಬೀಗ ಹಾಕಿ, ಕೆಂಪು ಚೀಟಿ ಕಟ್ಟಿತ್ತು. ಚಳಿಗಾಲ ಮುಗಿದ ಮೇಲೆ ಮಾಲೀಕರು ಸರಬರಾಜು ನಿಲ್ಲಿಸಿದ್ದರು.

ಮೇಲೆ ಬಂದು ಹೇಳಿದೆ. ಗಿರಿಜಾ ಪಾತ್ರೆಯನ್ನೇ ನೋಡುತ್ತ ನಿಂತಳು. ಎಲ್ಲ ಗುಂಡಿಗಳನ್ನೂ ನಾನು ತಿರುಗಿಸಿ ಮುಚ್ಚಿದೆ. ಒಂದೊಂದನ್ನೂ ಮುಚ್ಚಿದ್ದು ನನಗೆ ಚೆನ್ನಾಗಿ ನೆನಪಿದೆ.

"ಪಾಟೀಲ ಅಂಕಲ್ ಕಡೆ ಕ್ಯಾಂಪಿಂಗ್ ಸ್ಟೋವ್ ಐತಿ, ತರ್ಲೇನು?" ಎಂದೆ.

"ಹೋಗಿ ಬರೂದರೊಳಗ ಹತ್ತೂವರಿ ದಾಟ್ತೈತಿ. ಇರ್ಲಿ ಬಿಡ್ರಿ. ಇಟ್ಟಿದ್ದು ಇಟ್ಟಂಗ ಇರ್ಲಿ, ಸ್ವಲ್ಪ ಹೊತ್ತು ಹೊರಗ ಕೂಡೂಣು."

ಮುಂದಿನ ಪೋರ್ಚಿನ ಮೆಟ್ಟಿಲ ಮೇಲೆ ಇಬ್ಬರೂ ಒತ್ತಿ ಕೂತೆವು. ಹಿಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಕ್ಯಾರೊಲ್ ಎದುರಿಗೇ ಕಾರಿನಲ್ಲಿ ಫೋನ್ ಹಿಡಿದಿದ್ದು ಕಾಣುತ್ತಿತ್ತು. ಗಿರಿಜಾ ಅಳಲಿಲ್ಲ. ಸೀರೆಯ ಅಂಚನ್ನು ಮಡಚುತ್ತ, ಬಿಚ್ಚುತ್ತ, "ಈ ಮನಿ ನನಗ ಭಾಳ ಬೇಕಾಗೇತ್ರಿ. ಏನೂ ಕೇಳಿಲ್ಲ ನಾ ನಿಮ್ಮನ್ನ ಇಲ್ಲೀತನಕ" ಎಂದಳು. ನಿಜ, ಕೇಳಿರಲಿಲ್ಲ. ಡಿಪೆಂಡೆಂಟ್ ವೀಸಾದಲ್ಲಿ ಬಂದು, ಕೆಲಸ ಮಾಡುವಂತಿಲ್ಲದೆ, ಐದು ವರ್ಷ ಆ ಅಪಾರ್ಟ್‌ಮೆಂಟಿನ ಕಿಟಕಿಯಿಂದ ಪಾರ್ಕಿಂಗ್ ಲಾಟ್ ನೋಡಿದವಳು. ಬೆನ್ನ ಮೇಲೆ ಕೈಯಿಟ್ಟೆ. ಹತ್ತು ನಿಮಿಷ ಕಳೆದಿರಬೇಕು.

ಆಗ ವಾಸನೆ ಬಂತು. ಹಾಲು ಉಕ್ಕಿದ ವಾಸನೆ. ಅದನ್ನು ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ.

"ಅಯ್ಯ, ಹಾಲು" ಎಂದು ಗಿರಿಜಾ ಎದ್ದು ಒಳಗೆ ಓಡಿದಳು. ಯೋಚಿಸಿ ಓಡಿದ್ದಲ್ಲ. ದಿನಾ ಹೇಗೆ ಓಡುತ್ತಿದ್ದಳೋ ಹಾಗೆಯೇ. ನಾನು ಹಿಂದೆ ಹೋದೆ.

ಹಾಲು ಪಾತ್ರೆಯಿಂದ ಉಕ್ಕಿ, ಕಿಟಕಿಯ ಕಡೆ, ಅಂದರೆ ಪೂರ್ವಕ್ಕೆ, ಒಲೆಯ ಮೇಲಿಂದ ನೆಲದವರೆಗೆ ಹರಿದಿತ್ತು. ನೊರೆ ಇನ್ನೂ ಇಳಿಯುತ್ತಿತ್ತು. ಗಿರಿಜಾ ಅಭ್ಯಾಸಬಲದಿಂದ ಗುಂಡಿಗೆ ಕೈಹಾಕಿದಳು, ಅದು ಮುಚ್ಚಿಯೇ ಇತ್ತು. ನಾನು ನಂಬದೆ ಬರಿಗೈಯಲ್ಲಿ ಪಾತ್ರೆ ಹಿಡಿದೆ. ಎರಡು ಬೆರಳು ಸುಟ್ಟು ಬೊಬ್ಬೆ ಎದ್ದವು. ಅವು ಮಾಯಲು ಒಂದು ವಾರ ಹಿಡಿಯಿತು. ಪಕ್ಕದ ಬರ್ನರಿನ ಕಬ್ಬಿಣ ಮುಟ್ಟಿದೆ, ತಣ್ಣಗಿತ್ತು. ಮತ್ತೆ ನೆಲಮಾಳಿಗೆಗೆ ಓಡಿದೆ. ಬೀಗ, ಕೆಂಪು ಚೀಟಿ, ಎರಡೂ ಹಾಗೆಯೇ ಇದ್ದವು.

ಮೇಲೆ ಬಂದಾಗ ಗಿರಿಜಾ ಕೈಮುಗಿದು ನಿಂತಿದ್ದಳು. ದೇವರ ಮುಂದೆ ನಿಂತ ಹಾಗಲ್ಲ; ಹಿರಿಯರೊಬ್ಬರು ಬಾ ಎಂದು ಕರೆದಾಗ ನಿಲ್ಲುವ ಹಾಗೆ. ಮುಖದಲ್ಲಿ ಹೆದರಿಕೆಯ ಸುಳಿವೂ ಇರಲಿಲ್ಲ. ಸೆರಗಿನಿಂದ ಪಾತ್ರೆ ಹಿಡಿದು ಎರಡು ಲೋಟಕ್ಕೆ ಹಾಲು ಬಗ್ಗಿಸಿ ಒಂದನ್ನು ನನಗೆ ಚಾಚಿದಳು. "ತಗೋರಿ. ಕುಡೀಬೇಕು."

ನಾನು ಕೈ ಚಾಚಲಿಲ್ಲ. ಬ್ಯಾಡ ಎಂದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ತನ್ನದನ್ನು ಊದಿ ಊದಿ ಕುಡಿದಳು. ಆಮೇಲೆ ನನ್ನದನ್ನೂ ಕುಡಿದಳು.

ಅಷ್ಟರಲ್ಲಿ ಕ್ಯಾರೊಲ್ ಒಳಗೆ ಬಂದು, "ಓ, ಚೆಲ್ಲಿಯೇ ಬಿಟ್ಟಿರಿ. ವಂಡರ್‌ಫುಲ್" ಎಂದು ಪೇಪರ್ ಟವೆಲ್ ತಂದು ನೆಲ ಒರೆಸತೊಡಗಿದಳು. ಅವಳಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ನಾವೂ ಹೇಳಲಿಲ್ಲ. ಈ ಮನೆಯಲ್ಲಿ ಯಾರಾದರೂ ಸತ್ತಿದ್ದಾರೆಯೇ ಎಂದು ನಾನು ಕೇಳಿದೆ. ನಲವತ್ತು ವರ್ಷ ಇಲ್ಲಿದ್ದ ಅಜ್ಜಿ ಪೆನ್ಸಿಲ್ವೇನಿಯಾದಲ್ಲಿ ಮಗಳ ಹತ್ತಿರ ಆರಾಮವಾಗಿದ್ದಾರೆ, ಅವರ ಗಂಡ ತೀರಿಕೊಂಡಿದ್ದು ಫ್ಲಾರಿಡಾದಲ್ಲಿ ಎಂದಳು. ಸತ್ತವರು ಯಾರಾದರೂ ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಇದು ಇಂಥವರ ಕೆಲಸ ಎಂದು ಕೊನೆಗೆ ಅವರ ಹೆಸರನ್ನಾದರೂ ಹೇಳಬಹುದಿತ್ತು.

ಬುಧವಾರ ರಾತ್ರಿ, ಗುರುವಾರ ರಾತ್ರಿ ನನಗೆ ನಿದ್ದೆಯಿಲ್ಲ. ಶುಕ್ರವಾರ ಮಧ್ಯಾಹ್ನ ಆಫೀಸಿನಿಂದ ವಕೀಲರಿಗೆ ಫೋನ್ ಮಾಡಿ ಮನೆ ಬೇಡ ಎಂದೆ. ಸಂಜೆ ಗಿರಿಜಾಗೆ ಕಾರಣ ಹೇಳಿದೆ: ಛಾವಣಿ ಹಳೆಯದು, ವೈರಿಂಗ್ ಅಜ್ಜನ ಕಾಲದ್ದು, ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ. ಎಲ್ಲವೂ ನಿಜ. ಯಾವುದೂ ಕಾರಣವಲ್ಲ. ಅವಳು ರೊಟ್ಟಿ ತಟ್ಟುತ್ತಿದ್ದಳು. "ಆತು" ಎಂದಳು. ತಟ್ಟುವುದನ್ನು ನಿಲ್ಲಿಸಲಿಲ್ಲ.

ಆಮೇಲೆ ಪ್ಲೇನ್ಸ್‌ಬರೋದಲ್ಲೇ ಒಂದು ಟೌನ್‌ಹೌಸ್ ಕೊಂಡೆವು. ಅಲ್ಲಿ ಗ್ಯಾಸ್ ಇತ್ತು, ಹಾಲು ಎಲ್ಲರ ಮನೆಯ ಹಾಗೆ ಉಕ್ಕಿತು. ಮಕ್ಕಳಾಗಲಿಲ್ಲ. ಅದಕ್ಕೂ ಆ ಮನೆಗೂ ಸಂಬಂಧವಿಲ್ಲ ಎಂದು ನನಗೆ ಗೊತ್ತು. ಆದರೂ ಆ ಹಳದಿ ಕೋಣೆ ನನ್ನನ್ನು ಬಿಟ್ಟಿಲ್ಲ. ಆ ಬೀದಿಯಲ್ಲಿ ಹೋಗಬೇಕಾಗಿ ಬಂದರೆ ನಾನು ಬಳಸಿ ಹೋಗುತ್ತಿದ್ದೆ. ಗಿರಿಜಾ ಪಕ್ಕದಲ್ಲಿ ಕೂತು, ಯಾಕೆ ಈ ದಾರಿ ಎಂದು ಒಮ್ಮೆಯೂ ಕೇಳಲಿಲ್ಲ.

ಅವಳ ಕಾಯಿಲೆ ಕೊನೆಯ ಹಂತಕ್ಕೆ ಬಂದಾಗ ಮಂಚವನ್ನು ಕೆಳಗೆ ಲಿವಿಂಗ್ ರೂಮಿಗೆ ತಂದಿದ್ದೆವು. ಒಂದು ಸಂಜೆ ಔಷಧಿ ಕೊಟ್ಟು ಪಕ್ಕದಲ್ಲಿ ಕೂತು ಕೇಳಿಯೇಬಿಟ್ಟೆ. "ಆ ಮನಿ ಬ್ಯಾಡ ಅಂದಿದ್ದಕ್ಕ ನನ್ನ ಮ್ಯಾಲೆ ಸಿಟ್ಟಿತ್ತೇನು?"

"ಯಾವ ಮನಿ?" ಎಂದಳು, ಗೊತ್ತಿದ್ದೂ. ಆಮೇಲೆ ನಕ್ಕಳು. "ಸಿಟ್ಟಿರಲಿಲ್ರಿ. ಬ್ಯಾಸರಾಗಿತ್ತು. ಅವತ್ತ ನಿಮ್ಮ ಮಾರಿ ನೋಡಿದ್ದೆ. ಅಷ್ಟು ಅಂಜಿದವರನ್ನ ಎಳಕೊಂಡು ಹೋಗಿ ಸಂಸಾರ ಹೆಂಗ ಮಾಡೂದು?"

"ನಿನಗ ಅಂಜಿಕಿ ಆಗಲಿಲ್ಲೇನು?"

"ಹಾಲು ಉಕ್ಕಿದ್ದಕ್ಕ ಯಾರರ ಅಂಜ್ತಾರೇನ್ರಿ?"

ಉಸಿರು ಸುಧಾರಿಸಿಕೊಳ್ಳಲು ಬಿಟ್ಟು, "ಖರೆ ಹೇಳು, ನೀನ ಏನರ ಮಾಡಿದ್ದೇನು?" ಎಂದೆ. ಹೌದು ಎಂದುಬಿಡಲಿ ಎಂದು ಒಳಗೊಳಗೇ ಬೇಡುತ್ತಿದ್ದೆ.

"ನಾ ನಿಮ್ಮ ಬಾಜೂಕ ಕುಂತಿದ್ದೆನಲ್ರಿ. ನಿಮ್ಮ ಕೈ ನನ್ನ ಬೆನ್ನ ಮ್ಯಾಲಿತ್ತು" ಎಂದಳು. ಅದೂ ನಿಜ.

ಮೂರು ವಾರದ ಮೇಲೆ ಅವಳು ಹೋದಳು.

ಇಷ್ಟು ವರ್ಷದಲ್ಲಿ ನನಗೆ ತೋಚಿದ ಕಾರಣಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿದ್ದೇನೆ. ಕೊಳವೆಯಲ್ಲಿ ಉಳಿದ ಗ್ಯಾಸು, ಬೇರೆ ಯಾರದೋ ಕೈವಾಡ, ನನ್ನದೇ ಮನಸ್ಸಿನ ಭ್ರಮೆ. ಒಂದೂ ನಿಲ್ಲುವುದಿಲ್ಲ, ಬೆರಳಿನ ಬೊಬ್ಬೆ ಭ್ರಮೆಯಲ್ಲ. ಗೊತ್ತಿಲ್ಲ ಎಂದು ಬರೆಯುವುದು ಬಿಟ್ಟು ನನಗೆ ಬೇರೆ ದಾರಿಯಿಲ್ಲ.

ಗಿರಿಜಾ ಎರಡೂ ಲೋಟ ಕುಡಿದು, ಕೆಳಗಿಟ್ಟು, ಸೆರಗಿನಿಂದ ತುಟಿ ಒರೆಸಿಕೊಂಡಿದ್ದಳು. ಆ ಹಾಲು ಹೇಗಿತ್ತು ಎಂದು ನಾನು ಅವಳನ್ನು ಕೇಳಲೇ ಇಲ್ಲ. ಅವತ್ತೂ ಕೇಳಲಿಲ್ಲ, ಆ ಸಂಜೆ ಮಂಚದ ಪಕ್ಕ ಕೂತಾಗಲೂ ಕೇಳಲಿಲ್ಲ.