ತಕ್ಕಡಿಯವನ ದೇವರು

ತಕ್ಕಡಿ ರಿಪೇರಿಯವನಿಗೆ ತೂಕಕ್ಕೆ ಸಿಗದ ಯಾವುದರಲ್ಲೂ ನಂಬಿಕೆ ಇರಲಿಲ್ಲ. ಯಾರಾದರೂ ದೇವರ ಮಾತೆತ್ತಿದರೆ ಸಾಕು, "ತನ್ನಿ, ತಟ್ಟೆಗಿಡಿ, ಎಷ್ಟಿದಾನೆ ನೋಡೇ ಬಿಡೋಣ" ಎನ್ನುವನು. ತೂಗುವಾಗ ಅಂಗಡಿಯವರ ಬೆರಳು ತಟ್ಟೆಗೆ ತಾಗಿತೋ, "ಕೈ ತೆಗೀರಿ!" ಎಂದು ಗುಡುಗುವನು, ಆ ಗುಡುಗಿಗೆ ತಟ್ಟೆಯ ಆಲೂಗಡ್ಡೆಯೂ ಸೆಟೆದು ಕೂರುತ್ತಿತ್ತು. ಅಂಥವನಿಗೆ ದಿನ ತುಂಬುವ ಮೊದಲೇ ಮಗಳು ಹುಟ್ಟಿದಳು. ಮನೆಗೆ ತಂದಾಗ ಎರಡೇ ಕಿಲೋ. ಎರಡೂವರೆ ದಾಟಿದರೆ ಭಯವಿಲ್ಲ ಎಂದಿದ್ದರು ಡಾಕ್ಟರು. ಅಂದಿನಿಂದ ಪ್ರತಿ ಬೆಳಿಗ್ಗೆ ತನ್ನ ಅತ್ಯಂತ ನಿಖರವಾದ ತಕ್ಕಡಿಯನ್ನು ಒರೆಸಿ, ಮಗುವನ್ನು ಮಲಗಿಸಿ, ಕಣ್ಣು ಮುಚ್ಚಿ ಏನೋ ಗುನುಗುವನು. "ಯಾರನ್ನ ಬೇಡ್ಕೋತಿದೀರಿ?" ಎಂದು ಹೆಂಡತಿ ಕೇಳಿದರೆ, "ಮುಳ್ಳನ್ನ" ಎನ್ನುವನು. ಒಂದು ದಿನ ಮುಳ್ಳು ಎರಡೂವರೆ ದಾಟಿತು. ಅವನ ಕೂಗಿಗೆ ಬೀದಿಯೇ ಎದ್ದಿತು. ಹೆಂಡತಿ ಮಾತ್ರ ಮೆಲ್ಲಗೆ, "ರೀ, ಕೈ ತೆಗೀರಿ" ಎಂದಳು. ನೋಡಿದರೆ, ಅವನ ಅಂಗೈ ಮಗಳ ಎದೆಯ ಮೇಲೇ ಇತ್ತು. ಕೈ ತೆಗೆದ. ಮುಳ್ಳು ಕೂದಲೆಳೆಯಷ್ಟು ಹಿಂದೆ ಸರಿದು, ಎರಡೂವರೆಯ ಆಚೆಗೇ ಗಟ್ಟಿಯಾಗಿ ನಿಂತಿತು. ಈಗಲೂ ಯಾರಾದರೂ ದೇವರ ಮಾತೆತ್ತಿದರೆ ಎದೆಯುಬ್ಬಿಸಿ ಹೇಳುತ್ತಾನೆ: "ದೇವರಾ? ಇವತ್ತು ಬೆಳಿಗ್ಗೆ ಮೂರು ಕಿಲೋ ಇನ್ನೂರು ಗ್ರಾಂ. ಕೈ ತೆಗೆದು ತೂಗಿದ್ದು ಕಣ್ರೀ!"