ನಾನು ಓದದೆ ಬಿಟ್ಟ ಚೀಟಿ

ಹೋದ ಭಾನುವಾರ ಚರ್ಚಿನಲ್ಲಿ ನಾನೊಂದು ಚೀಟಿ ಕದ್ದೆ. ಅದೂ ಮೈಕ್ ಮುಂದೆ, ಇಡೀ ಸಭೆಯ ಎದುರು. (ಯಾರಿಗೂ ಗೊತ್ತಾಗಲಿಲ್ಲ. ಅಭ್ಯಾಸ ಇಲ್ಲದಿದ್ದರೂ ಕೈ ಚುರುಕಾಗಿತ್ತು.)

ನಮ್ಮ ಬೀದರ್ ಚರ್ಚಿನಲ್ಲಿ ಒಂದು ರೂಢಿ. ಆರಾಧನೆಗೆ ಬಂದವರು ತಮ್ಮ ಕಷ್ಟವನ್ನು ಚೀಟಿಯಲ್ಲಿ ಬರೆದು ಬಾಗಿಲ ಬಳಿಯ ಬುಟ್ಟಿಗೆ ಹಾಕುತ್ತಾರೆ. ಒಬ್ಬರು ಗಟ್ಟಿಯಾಗಿ ಓದುತ್ತಾರೆ. ಪ್ರತಿ ಚೀಟಿಗೂ ಸಭೆಯೆಲ್ಲ ಆಮೆನ್ ಅನ್ನುತ್ತದೆ. ಮಂಡಿನೋವು, ಮಗಳ ಸಂಬಂಧ, ಪಿಯುಸಿ ರಿಸಲ್ಟ್, ಹೀಗೆ. ಯಾವ ಚೀಟಿಯನ್ನೂ ಬಿಡುವಂತಿಲ್ಲ. ಈ ಸಲ ಓದುವ ಸರದಿ ನನ್ನದು.

ಏಳನೇ ಚೀಟಿಯಲ್ಲಿ ಹೀಗಿತ್ತು: 'ನನ್ನ ಮಗನಿಗೆ ಗಲ್ಲು ಆಗಬಾರದು.' ಕೆಳಗೆ ಮಗನ ಹೆಸರು.

ಆ ಹೆಸರು ಯಾರಿಗೆ ಗೊತ್ತಿಲ್ಲ? ಮದುವೆಗೆ ಒಲ್ಲೆ ಎಂದ ಹತ್ತೊಂಬತ್ತರ ಹುಡುಗಿಯನ್ನು ಕೊಂದವನು. ನರ್ಸಿಂಗ್ ಓದುತ್ತಿದ್ದಳು ಆಕೆ. ಭಾಲ್ಕಿಯಲ್ಲಿ ಮೇಣದಬತ್ತಿ ಮೆರವಣಿಗೆ, ಔರಾದಿನಲ್ಲಿ ಬಂದ್. ಗಲ್ಲಿಗೇರಿಸಿ ಎಂಬ ಮನವಿಗೆ ನಮ್ಮ ಚರ್ಚಿನ ಗೇಟಿನಲ್ಲೇ ಸಹಿ ಸಂಗ್ರಹ. ಮೊದಲ ಸಹಿ ನನ್ನದು. ನನಗೂ ಅದೇ ವಯಸ್ಸಿನ ಮಗಳಿದ್ದಾಳೆ. ಆಗ ಬಂದ ಸಿಟ್ಟು ಈಗಲೂ ಇಳಿದಿಲ್ಲ.

ಚೀಟಿ ಜೇಬಿಗೆ ಹೋಯಿತು. ಎಂಟನೆಯದನ್ನು ಓದಿದೆ. ಯಾರದೋ ಕಣ್ಣಿನ ಆಪರೇಷನ್. ಆಮೆನ್.

ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಚಹಾ. ಮಾತು ಅದೇ ಕೊಲೆಯದು. 'ದೇವರೇ ಸರ್ಕಾರದ ಕೈಯಾಗ ಕತ್ತಿ ಕೊಟ್ಟಾನ ಅಂತ ಬೈಬಲ್‌ನಾಗೇ ಅದ. ಗಲ್ಲು ಆಗ್ಲೇಬೇಕ್ರಿ,' ಅಂದರು ಸಭೆಯ ಹಿರಿಯರಾದ ನಮ್ಮ ರಿಟೈರ್ಡ್ ಮಾಸ್ತರರು. ಬೈಬಲ್ ಅರೆದು ಕುಡಿದವರು.

'ಹೌದ್ರಿ' ಅಂದೆ. ಅಂದೆನೇನೋ ಸರಿ, ಒಳಗೆ ಚುಚ್ಚಿತು. ನಮ್ಮ ಪ್ರಭುವಿಗೆ ಶಿಲುಬೆಯೇ ಆಗಬೇಕೆಂದು ಕೂಗಿದ ಜನರನ್ನು ನೆನೆದು ಪ್ರತಿ ಶುಭ ಶುಕ್ರವಾರ ಕಣ್ಣೀರು ಹಾಕುತ್ತೇವೆ. ಆ ಜನರೂ ತಾವು ನ್ಯಾಯ ಕೇಳುತ್ತಿದ್ದೇವೆ ಅಂತಲೇ ಅಂದುಕೊಂಡಿದ್ದರಲ್ಲವೇ? (ಆತ ನಿರಪರಾಧಿ, ಇವನು ಕೊಲೆಗಾರ. ಗೊತ್ತು, ಬಿಡಿ. ಆದರೆ ಆತನ ಪಕ್ಕದ ಶಿಲುಬೆಯಲ್ಲೇ ತಪ್ಪು ಮಾಡಿದವನೊಬ್ಬ ತೂಗುತ್ತಿದ್ದ. ಅವನನ್ನೂ ಆತ ದೂರ ತಳ್ಳಲಿಲ್ಲ.)

ಅಷ್ಟರಲ್ಲಿ ಹಿಂದಿನಿಂದ ಒಂದು ದನಿ. 'ಸರ್, ನನ್ನ ಚೀಟಿ ಸಿಗ್ಲಿಲ್ಲೇನ್ರಿ?'

ಐವತ್ತು ದಾಟಿದ ಹೆಂಗಸು, ಹೆಗಲಿಗೆ ಕೈಚೀಲ. ಸಂತಪುರದ ಆಚೆಯ ಹಳ್ಳಿಯಿಂದ ಮೊದಲ ಬಸ್ ಹಿಡಿದು ಬಂದಿದ್ದಳು. 'ನಮ್ಮೂರ ಸಭೆಯಾಗ ಮಾರಿ ಎತ್ತಿ ಚೀಟಿ ಹಾಕ್ಲಕ್ಕ ಆಗಂಗಿಲ್ರಿ. ಇಲ್ಲಿ ನನ್ನ ಗುರ್ತು ಯಾರಿಗೂ ಇಲ್ಲ, ಓದ್ತಾರ, ಎಲ್ಲರೂ ಆಮೆನ್ ಅಂತಾರ ಅಂತ ಬಂದೀನ್ರಿ.'

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. ಜೇಬಿನಿಂದ ಚೀಟಿ ತೆಗೆದೆ. 'ನಾನೇ ಬಿಟ್ಟೀನ್ರಿ ಅಕ್ಕಾ. ಓದ್ಲಕ್ಕ ಮನಸ್ಸು ಬರ್ಲಿಲ್ಲ.'

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿದ್ದೆ.

'ಹ್ಯಾಂಗ ಬರ್ತದ್ರಿ?' ಅಂದಳು. 'ಆ ಪೋರಿ ಅವ್ವನ ಕಾಲಿಗಿ ಬೀಳ್ಲಕ್ಕ ಹೋಗಿದ್ದೆ. ಬಾಗಿಲ ತೆಗಿಲಿಲ್ಲ. ಆಕಿದೇನೂ ತಪ್ಪಿಲ್ರಿ. ನನ್ನ ಮಗನ್ನ ಬಿಡ್ರಿ ಅಂತ ನಾ ಅನ್ನಂಗಿಲ್ಲ. ಸಾಯೋತನಕ ಜೇಲಿನಾಗೇ ಇರ್ಲಿ. ಆದ್ರ ಜೀವ ಇರ್ಲಿ. ಈಗರ ಓದ್ರಿ, ಇಲ್ಲೇ.'

ಓದಿದೆ. ಗಟ್ಟಿಯಾಗಿ, ಹೆಸರು ಸಮೇತ. ಮಾಸ್ತರರು ಕಪ್ಪಿನೊಳಗೆ ನೋಡುತ್ತ ನಿಂತರು.

'ಆಮೆನ್' ಅಂದಳು ಆಕೆ, ಒಬ್ಬಳೇ.

ಓದಿದ ನನ್ನ ಬಾಯಿಗೆ ಒಂದು ಆಮೆನ್ ಅನ್ನಲು ಆಗ ಏನಾಗಿತ್ತು?