ಸೌಟು ಯಾರದು ಎಂದು ಕೇಳಿದರು

ಥಾರ್ನ್‌ಹಿಲ್‌ನ ಆ ಮನೆಯಲ್ಲಿ ನನ್ನ ಕೆಲಸ ಮುಗಿದದ್ದು ಮೆಟ್ಟಿಲುಗಳ ದೆಸೆಯಿಂದ. ಮನೆಯ ಅಮ್ಮನಿಗೆ ಎಂಬತ್ತು ದಾಟಿತ್ತು. ಮಲಗುವ ಕೋಣೆ, ಬಚ್ಚಲು ಎರಡೂ ಮಹಡಿಯ ಮೇಲೆ, ಮಂಡಿ ಮಾತು ಕೇಳುತ್ತಿರಲಿಲ್ಲ. ಬರ್ಲಿಂಗ್ಟನ್‌ನಲ್ಲಿದ್ದ ಅವರ ಮಗ ತಮ್ಮ ಮನೆಯ ಕೆಳಗಡೆಯೇ ಒಂದು ಕೋಣೆ ಸಿದ್ಧ ಮಾಡಿಸಿ, ಒಂದು ಭಾನುವಾರ ಬಂದು ತಾಯಿಯನ್ನು ಕರೆದುಕೊಂಡು ಹೋದರು. ಸೋಮವಾರ ಬೆಳಿಗ್ಗೆ ನಾನು ಎಂದಿನ ಹೊತ್ತಿಗೇ ಎದ್ದು, ಡಬ್ಬಿಗೆ ಮೊಸರನ್ನ ಕಲಸಿದ ಮೇಲೆ, ಇವತ್ತು ಎಲ್ಲಿಗೂ ಹೋಗುವುದಿಲ್ಲವೆಂಬುದು ಹೊಳೆದು, ಅದನ್ನು ಅಲ್ಲೇ ನಿಂತುಕೊಂಡು ತಿಂದೆ.

ಮೈಸೂರಿನಲ್ಲಿ ನಾನು ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಟೆಕ್ನೀಷಿಯನ್ ಆಗಿದ್ದೆ. ಗಂಡನ ಸಾಫ್ಟ್‌ವೇರ್ ಕೆಲಸದ ಜೊತೆಗೆ ಕೆನಡಾಕ್ಕೆ ಬಂದಾಗ ನನ್ನ ಸರ್ಟಿಫಿಕೇಟುಗಳು ಇಲ್ಲಿ ನಡೆಯುವುದಿಲ್ಲವೆಂದು ತಿಳಿಯಿತು. ನಾರ್ತ್ ಯಾರ್ಕ್‌ನ ಅಪಾರ್ಟ್‌ಮೆಂಟಿನಲ್ಲಿ ಕಿಟಕಿಯಿಂದ ಯಂಗ್ ಸ್ಟ್ರೀಟನ್ನು ನೋಡುತ್ತಾ ಕೂತಿದ್ದ ಆ ದಿನಗಳಲ್ಲಿ, ಕನ್ನಡ ಸಂಘದ ಯುಗಾದಿಯ ಊಟದ ಹೊತ್ತು ಪಕ್ಕದಲ್ಲಿ ಕೂತಿದ್ದ ಮಂಗಳೂರು ಕಡೆಯ ಒಬ್ಬರು ತಮ್ಮ ತಾಯಿ ಹಗಲೆಲ್ಲ ಒಬ್ಬರೇ ಇರುತ್ತಾರೆಂದೂ, ನಂಬಿಕೆಯವರು ಯಾರಾದರೂ ಜೊತೆಗಿದ್ದರೆ ತಾವು ನಿಶ್ಚಿಂತೆಯಿಂದ ಆಫೀಸಿಗೆ ಹೋಗಬಹುದೆಂದೂ ಹೇಳಿದರು. ಮುಂದಿನ ವಾರದಿಂದಲೇ ನಾನು ಹೋಗತೊಡಗಿದೆ. ಅವರನ್ನು ಅಕ್ಕ ಎಂದು ಕರೆಯುತ್ತಿದ್ದೆ, ಅವರ ತಾಯಿಯನ್ನು ಅಮ್ಮ ಎಂದು.

ಫಿಂಚ್ ಸ್ಟೇಷನ್ನಿನಿಂದ ಬಸ್ಸು ಹಿಡಿದು ಹೋಗಿ, ಅಮ್ಮನಿಗೆ ಸ್ನಾನ ಮಾಡಿಸಿ, ಅಡುಗೆ ಮಾಡಿ, ಮಾತ್ರೆ ಕೊಟ್ಟು, ಹಿಮವಿಲ್ಲದ ದಿನ ಪಾರ್ಕಿನವರೆಗೆ ನಡೆಸಿಕೊಂಡು ಹೋಗಿ ಬರುತ್ತಿದ್ದೆ. ಕರಾರು ಪತ್ರ ಅಂತ ಏನೂ ಇರಲಿಲ್ಲ. ಎರಡು ವಾರಕ್ಕೊಮ್ಮೆ ಅಕ್ಕ ಬ್ಯಾಂಕಿನಿಂದ ಹಣ ಕಳಿಸುತ್ತಿದ್ದರು. ಅದರ ಜೊತೆಗಿನ ಸಂದೇಶದ ಜಾಗದಲ್ಲಿ ‘ಥ್ಯಾಂಕ್ಯೂ ಸೋ ಮಚ್’ ಎಂದು ಬರೆದಿರುತ್ತಿದ್ದರು.

ಕೆಲಸ ನಿಂತ ಮೇಲೆ ನಮ್ಮ ಕಟ್ಟಡದ ಬಟ್ಟೆ ಒಗೆಯುವ ಕೋಣೆಯಲ್ಲಿ ಎದುರುಮನೆಯ ಪಂಜಾಬಿ ಹೆಂಗಸು ಸಿಕ್ಕರು. ಕಾರ್ಖಾನೆಯಲ್ಲಿ ಕೆಲಸ ಕಳೆದುಕೊಂಡು ಮನೆಯಲ್ಲಿದ್ದವರು. ನನ್ನ ಸುದ್ದಿ ಕೇಳಿದ ಕೂಡಲೇ ಅವರ ಮೊದಲ ಪ್ರಶ್ನೆ, “ಇಐ ಡಾಲಾ ಕ್ಯಾ?”, ಅರ್ಜಿ ಹಾಕಿದೆಯಾ ಎಂದು. ಕೆಲಸ ಹೋದವರಿಗೆ ಸರ್ಕಾರ ಕೆಲವು ತಿಂಗಳು ಕೊಡುವ ವಿಮೆಯ ಹಣಕ್ಕೆ ಇಲ್ಲಿ ಎಲ್ಲರೂ ಇಐ ಅನ್ನುತ್ತಾರೆ. ಅದು ಕಾರ್ಖಾನೆ, ಆಫೀಸುಗಳಿಗೆ ಸಂಬಂಧಪಟ್ಟದ್ದೆಂದು ನಾನು ತಿಳಿದಿದ್ದೆ. ಸಂಬಳಕ್ಕೆ ದುಡಿದಿದ್ದರೆ ನನಗೂ ಇದೆಯೆಂದರು ಆಕೆ.

ಸಂಜೆ ಗಂಡನಿಗೆ ಹೇಳಿದೆ. ಅವರಿಗೆ ಇಷ್ಟವಾಗಲಿಲ್ಲ. “ನಿನ್ನ ಸಂಬಳದಲ್ಲಿ ಏನೂ ಕಟ್ ಆಗಿಲ್ವಲ್ಲ, ಹೆಂಗೆ ಕೊಡ್ತಾರೆ? ಸುಮ್ನೆ ಅವ್ರಿಗೂ ತೊಂದ್ರೆ.”

“ಕೊಡ್ತಾರೋ ಬಿಡ್ತಾರೋ, ಕೇಳಿ ನೋಡ್ತೀನಿ” ಅಂದೆ. ನಿಜ ಹೇಳಬೇಕೆಂದರೆ ಆಗ ನನಗೆ ಹಣಕ್ಕಿಂತ ಹೆಚ್ಚಾಗಿ ಇದ್ದದ್ದು ಕುತೂಹಲ. ಆ ಮನೆಯಲ್ಲಿ ಅಷ್ಟು ದಿನ ನಾನು ಮಾಡಿದ್ದನ್ನು ಈ ದೇಶದ ಲೆಕ್ಕದಲ್ಲಿ ಏನೆನ್ನುತ್ತಾರೆ ಎಂದು ತಿಳಿಯಬೇಕಿತ್ತು.

ಅರ್ಜಿ ಆನ್‌ಲೈನಿನಲ್ಲಿತ್ತು. ಕೆಲಸ ಏಕೆ ನಿಂತಿತು ಎಂಬಲ್ಲಿ ಕೊಟ್ಟಿದ್ದ ಕಾರಣಗಳನ್ನೆಲ್ಲ ಒಂದೊಂದಾಗಿ ಓದಿದೆ. ಬಿಟ್ಟಿರೋ, ತೆಗೆದರೋ, ಹೆರಿಗೆಯೋ, ಕಾಯಿಲೆಯೋ, ಕೆಲಸದ ಕೊರತೆಯೋ. ಅಮ್ಮ ಬರ್ಲಿಂಗ್ಟನ್‌ಗೆ ಹೋದರು ಎಂಬುದು ಅದರಲ್ಲಿರಲಿಲ್ಲ. ಕೊರತೆ ಎಂದು ಗುರುತು ಹಾಕಿದೆ. ಕೊನೆಗೆ, ಕೆಲಸ ಕೊಟ್ಟ ಯಜಮಾನರು ಆರ್‌ಓಇ ಕಳಿಸಬೇಕು ಎಂದಿತ್ತು. ನಾವು ಎಷ್ಟು ಗಂಟೆ ದುಡಿದೆವು, ಎಷ್ಟು ಪಡೆದೆವು ಎಂದು ಕೆಲಸ ಕೊಟ್ಟವರು ಸರ್ಕಾರಕ್ಕೆ ಕಳಿಸುವ ದಾಖಲೆ ಅದು.

ಅಕ್ಕನಿಗೆ ಫೋನ್ ಮಾಡಿದೆ. ಅವರು ಮೀಟಿಂಗ್ ಮುಗಿಸಿ ವಾಪಸ್ ಮಾಡಿದರು. ನಾನು ವಿಷಯ ಹೇಳಿದೆ.

“ಆರ್‌ಓಇ ಎಲ್ಲ ಕಂಪನಿಯವರು ಕೊಡೋದಲ್ವಾ? ನಾನು ಎಲ್ಲಿಯ ಎಂಪ್ಲಾಯರ್?” ಅಂದರು. ಆಮೇಲೆ ದನಿ ತಗ್ಗಿಸಿ, “ನಾವು ನಿಮ್ಮನ್ನು ಯಾವತ್ತೂ ಕೆಲಸದವರ ಹಾಗೆ ನೋಡಿದ್ದೇ ಇಲ್ಲ. ಯು ವರ್ ಫ್ಯಾಮಿಲಿ. ನಿಮಗೆ ಗೊತ್ತುಂಟಲ್ಲ?”

ಗೊತ್ತಿತ್ತು. ದೀಪಾವಳಿಗೆ ನನಗೂ ಸೀರೆ ತಂದಿದ್ದರು. ಹಬ್ಬದ ಊಟಕ್ಕೆ ಗಂಡನನ್ನೂ ಕರೆದು ಮೊದಲ ಪಂಕ್ತಿಯಲ್ಲೇ ಕೂರಿಸಿ ಬಡಿಸಿದ್ದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಸರಿ ಅಕ್ಕ ಎಂದು ಫೋನಿಟ್ಟೆ.

ಮರುದಿನ ಸರ್ಕಾರಿ ಕಚೇರಿಗೆ ಹೋಗಿ ಟೋಕನ್ ತೆಗೆದುಕೊಂಡು ಕೂತೆ. ಕೌಂಟರಿನಲ್ಲಿದ್ದ ಹುಡುಗಿಗೆ ನನ್ನ ಕಥೆ ಹೊಸದೇನಲ್ಲ. ಯಜಮಾನರು ದಾಖಲೆ ಕೊಡದಿದ್ದರೆ, ಅಥವಾ ತಾವು ಯಜಮಾನರೇ ಅಲ್ಲ ಎಂದರೆ, ತೆರಿಗೆ ಇಲಾಖೆಯವರು ಎರಡೂ ಕಡೆ ವಿಚಾರಿಸಿ ತೀರ್ಮಾನ ಕೊಡುತ್ತಾರೆ ಎಂದಳು. ನನ್ನ ಬಳಿ ಇರುವ ಪುರಾವೆ ಏನೆಂದು ಕೇಳಿದಳು. ಬ್ಯಾಂಕಿನ ಖಾತೆಯಲ್ಲಿದ್ದ ಅಷ್ಟೂ ಥ್ಯಾಂಕ್ಯೂಗಳನ್ನು ತೋರಿಸಿದೆ. ಅವಳು ನಗದೆ ಪ್ರಿಂಟ್ ಮಾಡಿಕೊಂಡಳು.

ನನ್ನ ಅರ್ಜಿಯಿಂದ ಅಕ್ಕನಿಗೆ ಫೋನು ಹೋಗುತ್ತದೆಂದು ಆಗಲೇ ಗೊತ್ತಾಗಿತ್ತು. ಅವರಿಗೆ ಮುಂಚಿತವಾಗಿ ಮೆಸೇಜ್ ಕಳಿಸಿದೆ. ನೋಡಿದರು, ಉತ್ತರ ಬರಲಿಲ್ಲ. ಆ ವಾರವೆಲ್ಲ ಫೋನನ್ನು ಎತ್ತಿ ನೋಡುವುದೇ ನನ್ನ ಕೆಲಸವಾಯಿತು.

ತೆರಿಗೆ ಇಲಾಖೆಯವರು ನನಗೆ ಫೋನ್ ಮಾಡಿದ್ದು ಒಂದು ಮಧ್ಯಾಹ್ನ. ಫ್ರೆಂಚ್ ಛಾಯೆಯ ಇಂಗ್ಲಿಷಿನ, ತಾಳ್ಮೆಯ ಗಂಡಸು. ಪ್ರಶ್ನೆಗಳು ಬಹಳ ಇವೆ, ಆತುರವೇನಿಲ್ಲ ಎಂದರು. ಎಷ್ಟು ಹೊತ್ತಿಗೆ ಬರಬೇಕೆಂದು ಯಾರು ನಿಗದಿ ಮಾಡಿದ್ದು? ಅಕ್ಕ, ಅವರ ಆಫೀಸಿನ ಹೊತ್ತಿಗೆ ಸರಿಯಾಗಿ. ಕೆಲಸ ಹೇಗೆ ಮಾಡಬೇಕೆಂದು ಯಾರು ಹೇಳುತ್ತಿದ್ದರು? ಅಮ್ಮ. ಕಾಯಿ ಎಷ್ಟು ನುಣ್ಣಗೆ ರುಬ್ಬಬೇಕು ಎಂಬುದರವರೆಗೆ. ನಿಮಗೆ ಹುಷಾರಿಲ್ಲದ ದಿನ ನಿಮ್ಮ ಬದಲು ಬೇರೆಯವರನ್ನು ಕಳಿಸಬಹುದಿತ್ತೇ? ನಾನು ಯೋಚಿಸಿದೆ. ಒಮ್ಮೆ ಜ್ವರ ಬಂದಾಗ ಅಕ್ಕ ರಜೆ ಹಾಕಿ ತಾವೇ ಮನೆಯಲ್ಲಿದ್ದರು. ಬೇರೆಯವರು ಯಾರೂ ಅಮ್ಮನಿಗೆ ಆಗುತ್ತಿರಲಿಲ್ಲ.

ಆಮೇಲೆ ಸಲಕರಣೆಗಳ ಸರದಿ. ಪಾತ್ರೆ, ಸೌಟು, ಮಿಕ್ಸಿ, ಒರೆಸುವ ಕೋಲು ಇವೆಲ್ಲ ಯಾರದು? ಎಲ್ಲ ಮನೆಯವರದು ಎಂದೆ. ಆಮೇಲೆ ನೆನಪಾಗಿ, ಕಾಯಿ ತುರಿಯುವ ಮಣೆ ಮಾತ್ರ ನನ್ನದು, ಅವರ ಮನೆಯದು ಮೊಂಡಾಗಿತ್ತು ಎಂದೆ. ಅದೇನೆಂದು ಕೇಳಿದರು. ನೆಲದ ಮೇಲಿಟ್ಟು, ಅದರ ಮೇಲೆ ಕಾಲು ಮಡಿಸಿ ಕೂತು, ಮುಂದಿನ ಹಲ್ಲಿಗೆ ತೆಂಗಿನ ಹೋಳನ್ನು ಒತ್ತಿ ತಿರುಗಿಸುವುದು ಎಂದು ವಿವರಿಸಿದೆ. ಅತ್ತ ಕಡೆ ಟೈಪ್ ಮಾಡುವ ಸದ್ದು ಕೇಳಿಸಿತು. ನನ್ನ ತುರಿಮಣೆ ಕೆನಡಾ ಸರ್ಕಾರದ ಕಡತಕ್ಕೆ ಹೋಯಿತಲ್ಲ ಎಂದು ನಗು ಬಂತು.

ಆದರೆ ಆ ಪ್ರಶ್ನೆಗಳು ನನಗೆ ಹಿಡಿಸಿದವು. ಈ ದೇಶಕ್ಕೆ ಬಂದಮೇಲೆ ನನ್ನ ಒಂದು ದಿನ ಹೇಗೆ ಹೋಗುತ್ತದೆಂದು ಯಾರೂ ಇಷ್ಟು ವಿವರವಾಗಿ ಕೇಳಿರಲಿಲ್ಲ. ಉತ್ತರ ಹೇಳುತ್ತಾ ಹೋದಂತೆ ಆ ಮನೆಯ ಅಡುಗೆಮನೆ, ಅದರಲ್ಲಿ ಓಡಾಡುತ್ತಿದ್ದ ನಾನು, ಎಲ್ಲ ಬೇರೆ ಯಾರದೋ ಸಂಗತಿಯ ಹಾಗೆ ಸ್ಪಷ್ಟವಾಗಿ ಕಂಡಿತು.

ಕೊನೆಗೆ ಅವರು, ನೀವು ನಿಮ್ಮನ್ನು ಕೆಲಸದವರೆಂದು ತಿಳಿದಿದ್ದಿರೋ, ಮನೆಯವರೆಂದೋ ಎಂದು ಕೇಳಿದರು. ನಾನು ಮನೆಯವಳ ಹಾಗೆಯೇ ಇದ್ದೆ ಎಂದು ಅಕ್ಕ ಹೇಳಿರಬೇಕೆಂದು ಊಹಿಸಿದೆ. ಹಬ್ಬದ ದಿನ ಹೋದದ್ದು ನೆಂಟಳಾಗಿ, ಉಳಿದ ದಿನ ಕೆಲಸಕ್ಕೆ, ಯಾವ ದಿನ ಯಾವುದು ಎಂದು ನನಗೆ ಯಾವಾಗಲೂ ಗೊತ್ತಿತ್ತು ಎಂದೆ. ಅದನ್ನು ನಿಧಾನವಾಗಿ ಇನ್ನೊಮ್ಮೆ ಹೇಳಲು ಕೇಳಿ ಬರೆದುಕೊಂಡರು.

ಕೆಲವು ದಿನಗಳಾದ ಮೇಲೆ ಅಕ್ಕನ ಫೋನು ಬಂತು. ತಮ್ಮನ್ನು ಕಳ್ಳರನ್ನು ವಿಚಾರಿಸುವ ಹಾಗೆ ವಿಚಾರಿಸಿದರೆಂದು ನೊಂದುಕೊಂಡರು. ನಾನು ಸಮಾಧಾನ ಹೇಳಲು ಹೋದರೆ ಮಾತು ಬದಲಿಸಿ, “ಅಮ್ಮ ನಿಮ್ಮನ್ನು ಕೇಳ್ತಾ ಇದ್ದಾರೆ. ಶನಿವಾರ ಬರ್ಲಿಂಗ್ಟನ್‌ಗೆ ಹೋಗ್ತಿದ್ದೇನೆ, ಬರ್ತೀರಾ?” ಅಂದರು. ಬರುತ್ತೇನೆ ಅಂದೆ.

ಕಾರಿನಲ್ಲಿ ದಾರಿಯುದ್ದಕ್ಕೂ ನಾವು ಟ್ರಾಫಿಕ್ ಬಗ್ಗೆ ಮಾತಾಡಿದೆವು. ಅಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಸ್ವಲ್ಪ ತುಂಬಿಕೊಂಡಿದ್ದರು. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ಇಬ್ಬರನ್ನೂ ನೋಡಿ, “ಎಂತ ಆಯ್ತು ನಿಮಗೆ? ಮುಖ ಊದಿಸಿಕೊಂಡಿದ್ದೀರಿ” ಅಂದರು. ಅಕ್ಕ ಏನಿಲ್ಲ ಅಂದರು. ಅಮ್ಮ ಬಿಡಲಿಲ್ಲ. ಕೊನೆಗೆ ಅಕ್ಕನೇ ಎಲ್ಲ ಹೇಳಿದರು. ನ್ಯಾಯವಾಗಿಯೇ ಹೇಳಿದರು. ನನ್ನ ಮೇಲೆ ದೂರು ಹಾಕಲಿಲ್ಲ.

ಅಮ್ಮ ಹಿಂದೆ ಮಂಗಳೂರಿನಲ್ಲಿ ಬೀಡಿ ಕಟ್ಟುತ್ತಿದ್ದವರು. ಮಗಳ ಕಾಲೇಜು ಆದದ್ದೇ ಆ ದುಡಿಮೆಯಲ್ಲಿ. ನನಗೆ ಅಷ್ಟು ಗೊತ್ತಿತ್ತು. ಅವತ್ತು ಅವರು ಹೇಳಿದ್ದು ಅಕ್ಕನಿಗೂ ಹೊಸದು. ಅವರ ಓಣಿಯ ಹೆಂಗಸರು ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದು ಮನೆಯಲ್ಲೇ ಕೂತು ಕಟ್ಟಿ ಒಪ್ಪಿಸುತ್ತಿದ್ದರು. ಪಿಎಫ್ ಕೇಳಿದಾಗ ಕಂಟ್ರಾಕ್ಟುದಾರ, ನೀವು ನಿಮ್ಮ ಮನೆ ಜಗಲಿಯಲ್ಲಿ ಕೂತು ಬಿಡುವಾದಾಗ ಕಟ್ಟುವವರು, ಕೆಲಸಗಾರರು ಹೇಗಾಗುತ್ತೀರಿ ಎಂದನಂತೆ.

“ಒಳ್ಳೆಯ ಮನುಷ್ಯನೇ. ನನ್ನನ್ನು ತಂಗಿ ಅಂತಿದ್ದ. ಹಬ್ಬಕ್ಕೆ ಸೀರೆ ಕೊಡ್ತಿದ್ದ” ಅಂದರು ಅಮ್ಮ. “ಅವ ಕೊಟ್ಟ ಸೀರೆ ಉಟ್ಟುಕೊಂಡೇ ನಾನು ಪಿಎಫ್ ಆಫೀಸಿಗೆ ಹೋದದ್ದು.”

ಅಕ್ಕ ಕೆಳಗೆ ನೋಡುತ್ತಾ ಕೂತಿದ್ದರು. “ನೀನು ಹೇಳಲೇ ಇಲ್ಲ ಅಮ್ಮ.”

“ನಿನಗೆ ಪರೀಕ್ಷೆ ಇತ್ತು. ಇವಳು ಕೆಲಸ ಮಾಡಿದ್ದು ಹೌದಾ ಅಲ್ವಾ? ಹೌದಾದರೆ ಹೌದು ಅಂತ ಹೇಳು ಮಾರಾಯ್ತಿ. ಅದಕ್ಕೆ ಯಾಕೆ ಇಷ್ಟು ಸುತ್ತು?” ಎಂದ ಅಮ್ಮ, ಸೊಸೆ ಮಾಡಿದ ಸಾರಿಗೆ ಉಪ್ಪು ಹೆಚ್ಚೆಂದು ದೂರಲು ಶುರುಮಾಡಿದರು. ಮಾತು ಅಲ್ಲಿಗೆ ಮುಗಿಯಿತು.

ವಾಪಸ್ ಬರುವಾಗ ಅಕ್ಕ ಪೆಟ್ರೋಲ್ ಹಾಕಿಸಲು ಕಾರು ನಿಲ್ಲಿಸಿದರು. ಹಾಕಿಸಿದ ಮೇಲೂ ಹೊರಡಲಿಲ್ಲ. ತಮ್ಮ ಮೇಲೆ ಕೇಸ್ ಆಗುತ್ತದೆಯೇ ಎಂದು ಕೇಳಿದರು. ಅವರು ಹೆದರಿದ್ದರೆಂಬುದು ನನಗೆ ಆಗ ಅರ್ಥವಾಯಿತು. ನಾನೂ ಆ ಅಧಿಕಾರಿಯನ್ನು ಅದನ್ನೇ ಕೇಳಿದ್ದೆ. ಕೇಸೇನೂ ಇಲ್ಲ, ಯಜಮಾನರಾಗಿ ನೋಂದಾಯಿಸಿಕೊಂಡು, ಹಿಂದಿನ ವಿಮೆ, ಪಿಂಚಣಿಯ ಪಾಲು ಕಟ್ಟಿದರೆ ಆಯಿತೆಂದಿದ್ದರು. ನನ್ನ ಪಾಲನ್ನು ನಾನೇ ಕೊಡುತ್ತೇನೆ ಎಂದೆ. ಅಕ್ಕ ಬೇಡವೆಂದು ತಲೆಯಾಡಿಸಿದರು.

ಸೋಮವಾರ ಊಟದ ವಿರಾಮದಲ್ಲಿ ನೋಂದಣಿಗೆ ಕೂತ ಅಕ್ಕ ನಡುವೆ ನನಗೆ ಫೋನ್ ಮಾಡಿದರು.

“ಏನು ಬಿಸಿನೆಸ್ ಅಂತ ಕೇಳ್ತಾ ಉಂಟು ಇಲ್ಲಿ. ಎಂತ ಹಾಕಲಿ?”

“ಅಮ್ಮನ್ನ ನೋಡ್ಕೊಳ್ಳೋದು ಅಂತ ಹಾಕಿ.”

“ಅಷ್ಟೇ ಸಾಕಾ?”

“ನಾನು ಮಾಡಿದ್ದು ಅದೇ ಅಲ್ವಾ ಅಕ್ಕ.”

ಅವರು ನಕ್ಕರು. ಬಹಳ ದಿನದ ಮೇಲೆ ಕೇಳಿದ ನಗು ಅದು. ಅವರಿಗೊಂದು ಸಂಖ್ಯೆ ಬಂತು, ಥಾರ್ನ್‌ಹಿಲ್‌ನ ಆ ಮನೆ ಸರ್ಕಾರದ ಕಣ್ಣಿಗೆ ಒಂದು ಸಂಸ್ಥೆಯಾಯಿತು. ಇಲಾಖೆಯ ತೀರ್ಮಾನವೂ ಬಂತು. ನಾನು ಅಲ್ಲಿ ವಿಮೆಗೆ ಅರ್ಹಳಾದ ಕೆಲಸಗಾರ್ತಿಯಾಗಿದ್ದೆ ಎಂದು ಎರಡು ಪುಟದಲ್ಲಿ ಬರೆದಿದ್ದರು. ಅಕ್ಕ ಕಳಿಸಿದ ಆರ್‌ಓಇ ನನ್ನ ಖಾತೆಯಲ್ಲಿ ಕಾಣಿಸಿಕೊಂಡು, ಇಐ ಹಣ ಬರತೊಡಗಿತು. ಗಂಡ ಅದನ್ನು ಎರಡು ಸಲ ನೋಡಿ, “ಬಂದೇಬಿಡ್ತಲ್ಲ” ಅಂದು, ಅವತ್ತು ಪಾತ್ರೆ ತಾವೇ ತೊಳೆದರು.

ಇಐ ಬರುವಷ್ಟು ದಿನ ಎರಡು ವಾರಕ್ಕೊಮ್ಮೆ ಸರ್ಕಾರಕ್ಕೆ ವರದಿ ಕೊಡಬೇಕಿತ್ತು. ಪ್ರತಿದಿನವೂ ಕೆಲಸಕ್ಕೆ ಸಿದ್ಧರಿದ್ದಿರಾ, ಶಕ್ತರಿದ್ದಿರಾ ಎಂದು ಕೇಳುತ್ತಿದ್ದರು. ಬೇರೆಯವರು ಕಣ್ಣು ಮುಚ್ಚಿ ಹೌದು ಒತ್ತುತ್ತಾರಂತೆ. ನಾನು ಪ್ರತಿ ಸಲವೂ ಆ ದಿನಗಳನ್ನು ನೆನೆದು ನೋಡಿ ಒತ್ತುತ್ತಿದ್ದೆ. ಆ ಪ್ರಶ್ನೆಯೇ ನನ್ನನ್ನು ಎಬ್ಬಿಸಿತೋ ಏನೋ, ಕಟ್ಟಿಟ್ಟಿದ್ದ ಸರ್ಟಿಫಿಕೇಟುಗಳನ್ನು ಹೊರತೆಗೆದು, ಲ್ಯಾಬುಗಳಿಗೆ ಅರ್ಜಿ ಹಾಕತೊಡಗಿದೆ. ಟೆಕ್ನೀಷಿಯನ್ ಕೆಲಸ ಸಿಗಲಿಲ್ಲ. ಮಾದರಿಗಳನ್ನು ಬರಮಾಡಿಕೊಂಡು ಲೇಬಲ್ ಸರಿನೋಡುವ ಸಹಾಯಕಿಯ ಕೆಲಸ ನಾರ್ತ್ ಯಾರ್ಕ್‌ನಲ್ಲೇ ಸಿಕ್ಕಿತು. ಮೊದಲ ದಿನ ಆ ಗಾಜಿನ ಕೊಳವೆಗಳನ್ನು ಕೈಯಲ್ಲಿ ಹಿಡಿದಾಗ ಬೆರಳುಗಳು ತಾವಾಗಿಯೇ ಕೆಲಸ ಮಾಡತೊಡಗಿದವು.

ಅಕ್ಕ ಮತ್ತು ನನ್ನ ನಡುವೆ ಸ್ವಲ್ಪ ಕಾಲ ಒಂದು ಬಿಗುವು ಇದ್ದೇ ಇತ್ತು. ಆ ವರ್ಷ ಹಬ್ಬಕ್ಕೆ ಕರೆಯಲಿಲ್ಲ. ನಾನೂ ಏನೂ ಅಂದುಕೊಳ್ಳಲಿಲ್ಲ ಎಂದರೆ ಸುಳ್ಳಾದೀತು. ಚಳಿಗಾಲ ಕಳೆದ ಮೇಲೆ ಅವರೇ ಫೋನ್ ಮಾಡಿದರು. ಬರ್ಲಿಂಗ್ಟನ್‌ನಲ್ಲಿ ಅಮ್ಮನಿಗೆ ಹಗಲು ಹೊತ್ತು ಒಬ್ಬರನ್ನು ಗೊತ್ತು ಮಾಡಿದ್ದರಂತೆ, ಫಿಲಿಪೀನ್ಸಿನ ಹೆಂಗಸು. ಆಕೆ ಬರುವ ಮೊದಲೇ ತಮ್ಮನ ಕೈಯಲ್ಲಿ ನೋಂದಣಿ ಮಾಡಿಸಿದೆ ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು. ಅಮ್ಮ ಆಕೆಗೆ ಕನ್ನಡ ಕಲಿಸುತ್ತಿದ್ದಾರೆ, ಆಕೆ ಅಮ್ಮನಿಗೆ ತನ್ನ ಭಾಷೆ, ಇಬ್ಬರಿಗೂ ಇನ್ನೂ ಏನೂ ಬಂದಿಲ್ಲ ಎಂದರು.

“ಈ ಶನಿವಾರ ನೀನು ಫ್ರೀ ಇದ್ದೀಯಾ? ಹೋಗಿ ನೋಡಿಕೊಂಡು ಬರುವ” ಅಂದರು.

ಇದ್ದೇನೆ ಅಂದೆ. ಫೋನಿಟ್ಟ ಮೇಲೆ ಗಮನಿಸಿದೆ, ಇಷ್ಟು ವರ್ಷ ನೀವು ಎನ್ನುತ್ತಿದ್ದವರು ನೀನು ಅಂದಿದ್ದರು. ಮಾತಿನ ನಡುವೆ ಅದು ಎಲ್ಲಿ ಬದಲಾಯಿತೆಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.